ಅತ್ತಿಗೆಯ ಹಾಲು

ಆ ದಿನಗಳಲ್ಲಿ ಅತ್ತಿಗೆಯ ರವಿಕೆಯ ಎಡತೋಳು ಸದಾ ಒದ್ದೆಯಾಗಿರುತ್ತಿತ್ತು. ಮೊಲೆಗೆ ಹಾಕಿಕೊಂಡರೆ ಸಾಕು, ತೋಳಿನ ಮೇಲಿದ್ದ ಮಗುವಿನ ತಲೆ ಬೆವರಲು ಶುರುಮಾಡುತ್ತಿತ್ತು. ಮಗು ನಾಲ್ಕು ಗುಟುಕು ಕುಡಿದು, ಮುಖ ಬಿಳಿಚಿಕೊಂಡು, ಉಸಿರು ಕಟ್ಟುವಂತೆ ಚೀರುತ್ತಿತ್ತು.

ಹನಕೆರೆಯ ನಮ್ಮ ಮನೆಯಲ್ಲಿ ಅವ್ವ ಅದಕ್ಕೆ ಒಂದೇ ಕಾರಣ ಕಂಡುಕೊಂಡಿದ್ದಳು. “ನಿನ್ ಹಾಲೇ ಸರಿಯಿಲ್ಲ ಕಣಮ್ಮಿ.”

ಅತ್ತಿಗೆ ಖಾರ ಬಿಟ್ಟಳು, ಹುಳಿ ಬಿಟ್ಟಳು, ಕೊನೆಗೆ ಊಟವನ್ನೇ ಅರ್ಧ ಮಾಡಿದಳು. ಎದುರಾಡುವ ಜಾಯಮಾನ ಅವಳದಲ್ಲ. ಹಸಿ ಬಾಣಂತಿಯಾಗಿ ಒಲೆ ಮುಂದೆ ಕೂತಾಗಲೂ, ಅಣ್ಣ ಮಾತಾಡದೆ ಕೆಲಸಕ್ಕೆ ಹೊರಟುಹೋದಾಗಲೂ “ಇರ್ಲಿ ಬುಡಿ” ಎನ್ನುವಳು.

ಮಗುವಿಗೆ ಮೂರು ತಿಂಗಳಾದಾಗ ಮಾತ್ರ ಯಾರನ್ನೂ ಕೇಳದೆ ನನ್ನ ಮುಂದೆ ಬಂದು ನಿಂತಳು. “ಮಂಡ್ಯಕ್ಕೆ ಓಗನ ನಡಿ ಕಣಪ್ಪ.” ಕಾಲೇಜು ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದವನು ನಾನೊಬ್ಬನೇ.

ಮಂಡ್ಯದ ಡಾಕ್ಟರು ಇ.ಸಿ.ಜಿ. ತೆಗೆದು ಬಹಳ ಹೊತ್ತು ನೋಡಿ, ಹೃದಯಾಘಾತವಾದ ದೊಡ್ಡವರ ಗೆರೆಗಳು ಹೀಗಿರುತ್ತವೆ ಎಂದು ನಮ್ಮನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಮಗುವಿನ ತೊಡೆಯ ರಕ್ತನಾಳದೊಳಗಿಂದ ಸಣ್ಣ ನಳಿಗೆ ತೂರಿಸಿ, ಹೃದಯದ ಬಳಿ ಬಣ್ಣದ ಔಷಧ ಬಿಟ್ಟು, ಎಕ್ಸ್‌ರೇ ಫಿಲ್ಮಿನಲ್ಲಿ ಚಿತ್ರ ಹಿಡಿದರು.

“ಹೃದಯಕ್ಕೇ ರಕ್ತ ಕೊಡೋ ಎಡಗಡೆ ನಾಳ ಇದು,” ಎಂದು ಅಲ್ಲಿನ ಡಾಕ್ಟರು ತೋರಿಸಿದರು. “ಮೈಗೆಲ್ಲ ಒಳ್ಳೇ ರಕ್ತ ಒಯ್ಯೋ ಮಹಾಪಧಮನಿಯಿಂದ ಹುಟ್ಟಬೇಕಿತ್ತು. ಶ್ವಾಸಕೋಶಕ್ಕೆ ಹೋಗೋ ನಾಳದಿಂದ ಹುಟ್ಟಿದೆ. ಹೊಟ್ಟೇಲಿದ್ದಾಗಲೇ ಹೀಗಾಗಿದೆ.”

“ನನ್ ಹಾಲಿಂದ ಅಲ್ವಾ ಸ್ವಾಮಿ?”

“ಅಲ್ಲಮ್ಮ. ಹಾಲು ಕುಡಿಯೋ ಆಯಾಸಕ್ಕೇ ಅದರ ಎದೆ ನೋಯುತ್ತೆ.”

ಅತ್ತಿಗೆ ಗೋಡೆಗೆ ಒರಗಿ ಕೂತುಬಿಟ್ಟಳು. ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು; ಅದಕ್ಕೆ ಮೊದಲೇ ಮಗು ಹೋಯಿತು.

ಮನೆಗೆ ಬಂದಾಗ ಅವ್ವ ಎದೆ ಬಡಿದುಕೊಂಡು ಅತ್ತಳು. ಅತ್ತಿಗೆ ಅವಳ ಪಕ್ಕ ಕೂತು ಮೆಲ್ಲಗೆ ಹೇಳಿದಳು: “ಅಸಿವು ಅನ್ಕಂಡು ಮತ್ ಮತ್ತೆ ಮೊಲೆಗೆ ಹಾಕ್ದೆ ಕಣತ್ತೆ. ಅದ್ಕೆ ಎದೆ ನೋಯ್ತಿತ್ತಂತೆ.” ಅವ್ವನ ಬಾಯಲ್ಲಿ ಹಾಲಿನ ಮಾತು ಮತ್ತೆಂದೂ ಬರಲಿಲ್ಲ.

ಅತ್ತಿಗೆ ಈಗಿಲ್ಲ. ಅವಳನ್ನು ನೆನೆದರೆ ನನ್ನ ಮಗಳು ಎಳೆಗೂಸಾಗಿದ್ದಾಗಿನ ಒಂದು ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ. ಕೂಸು ಬೆಳಗಿನಿಂದ ಅಳುತ್ತಿತ್ತು. ನೆರೆಮನೆಯಾಕೆ ನನ್ನ ಹೆಂಡತಿಯ ಹಾಲಿನ ಬಗ್ಗೆ ಏನೋ ಅಂದಳು. ರಾಗಿ ಕೇರುತ್ತಿದ್ದ ಅತ್ತಿಗೆ ಮೊರ ಕೆಳಗಿಟ್ಟು, “ಆ ಮಾತು ಈ ಮನೇಲಿ ಬ್ಯಾಡ” ಎಂದವಳೇ ಕೂಸನ್ನೆತ್ತಿಕೊಂಡು ಮಂಡ್ಯದ ಬಸ್ಸು ಹತ್ತಿದಳು.

ನಾನು ಮಂಡ್ಯದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಡಾಕ್ಟರು ನೋಡಿಯಾಗಿತ್ತು. “ಬರೀ ಕಿವಿನೋವಂತೆ ಕಣಪ್ಪ,” ಎಂದಳು ಅತ್ತಿಗೆ. ಕೂಸನ್ನು ನನ್ನ ಕೈಗೆ ಕೊಟ್ಟು, ಕೂತಿದ್ದ ಬೆಂಚಿನ ಮೇಲೇ ಕಾಲು ಮುದುರಿಕೊಂಡು ನಿದ್ದೆಹೋದಳು.