ನರ್ಸಮ್ಮನ ಕೈ ಮೇಲಿನ ಮಸಿ

ನರ್ಸಮ್ಮ ನನ್ನ ಸೊಸೆಯ ತಲೆ ಕೆಡಿಸಿದಳು ಅಂತ ಐಮಂಗಲದ ನಮ್ಮ ನೆಂಟರು ಈಗಲೂ ಹೇಳ್ತಾರೆ. ಸುಳ್ಳು. ಆವತ್ತು ತಪ್ಪು ಮಾಡಿದವಳು ನಾನು. ಆಯಮ್ಮ ಅಡ್ಡ ಬಂದಳು, ಅಷ್ಟೇ.

ಮೊನ್ನೆ ರೇಷನ್ ಅಂಗಡಿಯ ಮಿಷನ್ನು ನನ್ನ ಹೆಬ್ಬೆಟ್ಟು ಹಿಡೀಲಿಲ್ಲ. ಗೆರೆ ಸವೆದಾವಂತೆ. "ಇನ್ನೊಂದ್ಸಲ ಒತ್ತಜ್ಜಿ" ಅಂದ ಅಂಗಡಿಯವನು. ಬೆರಳನ್ನ ಸೆರಗಿಗೆ ಒರೆಸಿಕೊಳ್ಳುವಾಗ ಆ ನೀಲಿ ಮಸಿ ನೆನಪಿಗೆ ಬಂತು. ಮನೆಗೆ ಬಂದ್ರೂ ಬಿಡಲಿಲ್ಲ, ಅದಕ್ಕೇ ಬರೀತಿದ್ದೀನಿ. ನಂದು ಮೂರನೇ ಕ್ಲಾಸಿನ ಅಕ್ಷರ, ಸೊಟ್ಟ ಇದ್ರೆ ಹಂಗೇ ಓದ್ಕಳ್ರಿ.

ತೊಂಬತ್ತನೇ ಇಸವಿ ಈಚಿನ ಮಾತು. ಸೊಸೆ ರತ್ನಳಿಗೆ ಎರಡು ಗಂಡು ಕೂಸಾಗಿದ್ದವು. ಸಾಕು ಅಂತ ನಾನು ತೀರ್ಮಾನ ಮಾಡಿದೆ. ನಮ್ಮನೇಲಿ ತೀರ್ಮಾನ ಅಂದ್ರೆ ನಾನೇ. ರಾಗಿ ಎಷ್ಟು ಬೀಸಿಸಬೇಕು, ಯಾರು ಯಾವಾಗ ತವರಿಗೆ ಹೋಗಬೇಕು, ಸಾರಿಗೆ ಯಾವ ಕಾಳು, ಎಲ್ಲ. ಮಗ "ಅವ್ವ ಹೇಳ್ದಂಗೆ" ಅಂದ. ರತ್ನಳನ್ನ ಕೇಳಲಿಲ್ಲ. ಬೇಕಂತಲೇ ಬಿಟ್ಟದ್ದಲ್ಲ, ಕೇಳಬೇಕು ಅಂತ ಹೊಳೀಲೇ ಇಲ್ಲ. ನನ್ನನ್ನ ಯಾವತ್ತು ಯಾರು ಕೇಳಿದ್ರು?

ಮಕ್ಕಳಾಗದ ಆಪರೇಷನ್ ಕ್ಯಾಂಪಿಗೆ ಕರ್ಕೊಂಡು ಹೋದೆ. ಬಸ್ಸಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಗಾಳಿಗೆ ಅಂದ್ಕೊಂಡೆ.

ಒಪ್ಪಿಗೆ ಕಾಗದ ಬರೆಯೋ ಟೇಬಲ್ ಹತ್ರ ಒಬ್ಬಳು ನರ್ಸಮ್ಮ ಇದ್ದಳು, ತೆಳ್ಳಗಿನ ಹೆಂಗಸು. ತಿಂಗಳಿಗೆ ಇಷ್ಟು ಜನಕ್ಕೆ ಆಪರೇಷನ್ ಮಾಡಿಸಬೇಕು ಅಂತ ಅವರಿಗೆ ಲೆಕ್ಕ ಇತ್ತು, ಆ ತಿಂಗಳು ಅವಳಿಗೆ ಇನ್ನೊಂದು ಹೆಸರು ಕಮ್ಮಿ ಬಿದ್ದಿತ್ತು. ಮೇಲಿನವರು ಬೈದು ಹೋಗಿದ್ದನ್ನ ಸಾಲಲ್ಲಿ ನಿಂತ ನಾವೆಲ್ಲ ಕೇಳಿದ್ವಿ. ಏಳನೇ ಕ್ಲಾಸು ಓದಿದ ರತ್ನ ಪೆನ್ನು ಮುಟ್ಟಲಿಲ್ಲ. ಸಹಿಯನ್ನ ಬಲವಂತಕ್ಕೆ ಹಾಕಿಸೋಕಾಗಲ್ಲ, ಹೆಬ್ಬೆಟ್ಟು ಒತ್ತಿಸಬಹುದು. ಅವಳ ಬೆರಳು ಹಿಡಿದು, ಮಸಿಗೆ ಅದ್ದಿ, ಕಾಗದದ ಕಡೆ ಎಳೆದೆ. ಅಷ್ಟರಲ್ಲಿ ನರ್ಸಮ್ಮ ಕಾಗದದ ಮೇಲೆ ಕೈ ಹಾಸಿದಳು. ರತ್ನಳ ಹೆಬ್ಬೆಟ್ಟು ಆಯಮ್ಮನ ಕೈ ಮೇಲೆ ಬಿತ್ತು.

"ನಿನಗೂ ಒಂದು ಕೇಸು ಬೇಕಲ್ಲೇನಮ್ಮ, ಬರ್ಕಾ" ಅಂದೆ.

"ಬೇಕು ಕಣ್ರಮ್ಮ. ನನಗೆ ಬೇಕು ಅಂತ ಈಕೆ ಹೊಟ್ಟೆ ಕೊಯ್ಸಾಕಾಗುತ್ತೇನ್ರಿ?"

ಆಮೇಲೆ ರತ್ನ ಕೂತಿದ್ದ ಸ್ಟೂಲನ್ನ ನನಗೆ ಬೆನ್ನು ಬರೋ ಹಂಗೆ ತಿರುಗಿಸಿದಳು. "ಅತ್ತೆ ಮುಖ ನೋಡಬ್ಯಾಡ ತಾಯಿ. ನಿನಗೆ ಬೇಕಾ?"

ಹಿಂದಿನವರು ಗೊಣಗಿದ್ರು. ನರ್ಸಮ್ಮ ಕಾದಳು.

"ನನಗೆ ಇನ್ನೊಂದು ಕೂಸು ಬೇಕು. ಆಮೇಲೆ ನಾನೇ ಬರ್ತೀನಿ" ಅಂದಳು ರತ್ನ. ನನ್ನ ಮನೇಲಿ ಎಂಟು ವರ್ಷ ಇದ್ದವಳ ಆ ದನಿ ನಾನು ಕೇಳಿರಲಿಲ್ಲ.

"ಹೋಗ್ಬರ್ರಿ" ಅಂತ ನರ್ಸಮ್ಮ ಕಾಗದ ಹರಿದಳು. ಕೈ ಮೇಲಿನ ಮಸಿ ಒರೆಸಿಕೊಳ್ಳದೆ ಮುಂದಿನವಳನ್ನ ಕರೆದಳು.

ಗುಡಿಯೊಳಗೆ ನಿಂತಾಗಲೂ ನನಗೆ ಮೈ ಜುಂ ಅಂದದ್ದಿಲ್ಲ. ಆವತ್ತು ಅಂತು. ಅಧಿಕಾರ ಅಂದ್ರೆ ಮಾಡಿಸೋದು ಅಂತ ನಾನು ತಿಳಿದಿದ್ದೆ. ಸೀಲು, ಕಾಗದ, ಬೇಕಾದ ಹೆಸರು ಎಲ್ಲ ಕೈಯಲ್ಲಿದ್ದೂ ಆಯಮ್ಮ ರತ್ನಳನ್ನ ಕೇಳಿದಳು. ಸಂಜೆ ಮತ್ತೆ ಬೈಸಿಕೊಂಡೇ ಇರ್ತಾಳೆ.

ಮೂರನೇದೂ ಗಂಡೇ ಆಯ್ತು ಅನ್ನಿ. ಅದಕ್ಕೆ ವರ್ಷ ತುಂಬಿದ ಮೇಲೆ ರತ್ನ ತಾನೇ ಬಸ್ಸು ಹತ್ತಿ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಳು. ಅದು ಆಮೇಲಿನ ಮಾತು.

ಕ್ಯಾಂಪಿನ ಮಾರನೇ ಬೆಳಗ್ಗೆ ಕಾಳಿನ ಡಬ್ಬಿಗಳ ಮುಂದೆ ಕೂತು, "ರತ್ನ, ಇವತ್ತು ಏನ್ ಸಾರು ಮಾಡಾಣ?" ಅಂದೆ.

"ನೀವು ಹೇಳ್ದಂಗೆ ಅತ್ತೆ."

ಅವಳಿಗೆ ಬೆನ್ನು ಮಾಡಿ ತಿರುಗಿ ಕೂತೆ. ಕಾದೆ. ಒಲೆ ಮೇಲಿನ ಎಸರು ಕುದಿಯಾಕೆ ಹತ್ತಿತು.

"ಹುರುಳಿ" ಅಂದಳು.

ಹುರುಳಿ ನನಗೆ ಆಗೋದಿಲ್ಲ. ಡಬ್ಬಿ ಎತ್ತಿ ಕೊಟ್ಟೆ.