ಬಳಿ ನೋಡಿ ತಂದ ಆಯಾ

ಒಳಗೆ ತಾಳೆಗರಿ ಸುತ್ತಿದ ಓಲೆಬೆಲ್ಲದ ಕಟ್ಟು ಬಿಚ್ಚಿದ ವಾಸನೆ ಬಂದರೆ ನಾನು ಜಗಲಿಗೆ ಬಂದು ಕೂತುಬಿಡುತ್ತೇನೆ. ಸಕ್ಕರೆ ಕಾಯಿಲೆಯ ಹೆದರಿಕೆ ಎಂದು ಮನೆಯವರು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಮೊನ್ನೆ ಹಾಗೆ ಕೂತಿದ್ದಾಗ ಮಗಳು ಒಂದಿಷ್ಟು ಕಾಗದ ತಂದು ಮಡಿಲಿಗೆ ಹಾಕಿದಳು. ಮೊಮ್ಮಗಳನ್ನು ನೋಡಿಕೊಳ್ಳಲು ವಾರದಿಂದ ಬರುತ್ತಿರುವ ಆಯಾಳ ಗುರುತಿನ ಚೀಟಿ, ಪೊಲೀಸರ ಪತ್ರ, ಎರಡು ಮನೆಯವರ ಶಿಫಾರಸು. "ಎಲ್ಲ ಸರಿ ಉಂಟಾ ನೋಡಿ ಅಪ್ಪ" ಎಂದಳು. ಪಾಪ, ವಿಚಾರಣೆಗೆ ಹೆಸರಾದ ಮನೆಯಲ್ಲಿ ಹುಟ್ಟಿದವನನ್ನೇ ಹುಡುಕಿಕೊಂಡು ಬಂದಿದ್ದಳು.

ಪೈವಳಿಕೆಯ ನಮ್ಮ ಮನೆಗೆ ಯಜಮಾನರೆಂದರೆ ಅಮ್ಮನ ಅಣ್ಣ, ನಮ್ಮ ದೊಡ್ಡಮಾವ. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ಕಾಲ. ನನಗೆ ಆರು ವರ್ಷ, ತಂಗಿ ಅಮ್ಮುವಿಗೆ ಒಂದೂವರೆ. ಅಮ್ಮ ಶಾಲೆಯಲ್ಲಿ ಟೀಚರು. ಅವಳು ಬರುವ ತನಕ ಬೇಲಿಯಾಚೆಯ ಐಸಮ್ಮ, ಆರು ಮಕ್ಕಳನ್ನು ಸಾಕಿದ ಬ್ಯಾರಿ ಹೆಂಗಸು, ಅಮ್ಮುವನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ದೊಡ್ಡಮಾವನ ಪ್ರಕಾರ ಅದು ತಾತ್ಕಾಲಿಕ ಏರ್ಪಾಡು. ನಮ್ಮ ಮನೆಯ ಮಗುವಿಗೆ ಮನೆತನದವಳೇ ಬೇಕು.

ಸುಂದರಿ ಎಂಬವಳ ಸುದ್ದಿ ಬಂದದ್ದೇ ಒಂದು ತಿಂಗಳು ವಿಚಾರಣೆ ನಡೆಯಿತು. ಮೊದಲು ಅವಳ ಬಳಿ, ಅಂದರೆ ತಾಯಿಯಿಂದ ಬರುವ ಕುಲ. ಆಮೇಲೆ ಅವಳ ದೊಡ್ಡಮ್ಮನನ್ನು ಎಲ್ಲಿಗೆ ಕೊಟ್ಟದ್ದು, ಸೋದರಮಾವನಿಗೆ ಯಾರ ಮೇಲೆ ದಾವೆ, ಮನೆಯ ದೈವಕ್ಕೆ ವರ್ಷದ ನೇಮದ ಸೇವೆ ತಪ್ಪದೆ ನಡೆಯುತ್ತದೋ ಇಲ್ಲವೋ. ಬದಿಯಡ್ಕದ ತನಕ ಜನ ಹೋಗಿ ಬಂದರು. ಮಗು ಅತ್ತರೆ ಎಂತ ಮಾಡ್ತಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಸುಂದರಿ ಬಂದ ಮೂರೇ ದಿನಕ್ಕೆ ಅಮ್ಮುವಿನ ಅಳು ನಿಂತಿತು. ಬೆಳಿಗ್ಗೆ ಮಲಗಿದರೆ ಸಂಜೆಯ ತನಕ ಸದ್ದಿಲ್ಲ. ಕುಲ ನೋಡಿ ತಂದದ್ದಕ್ಕೆ ಮಗುವಿಗೂ ಗಾಂಭೀರ್ಯ ಬಂತೆಂದು ದೊಡ್ಡಮಾವ ಬಂದವರಿಗೆಲ್ಲ ಹೇಳಿದರು. ಕಜ್ಜಿ ಎದ್ದು ಶಾಲೆ ತಪ್ಪಿಸಿಕೊಂಡಿದ್ದ ನನಗೆ ಆ ಗಾಂಭೀರ್ಯದ ಗುಟ್ಟು ಗೊತ್ತಿತ್ತು. ಸುಂದರಿ ಸಾಸಿವೆಯಷ್ಟು ಕಪ್ಪು ಗುಳಿಗೆಯೊಂದನ್ನು ಹಾಲಿನಲ್ಲಿ ಅರೆದು ಕುಡಿಸುತ್ತಿದ್ದಳು. ಹೇಳಬಾರದೆಂದು ನನಗೆ ದಿನಕ್ಕೊಂದು ತುಂಡು ಓಲೆಬೆಲ್ಲ. ಒಂದು ದಿನ ದೊಡ್ಡ ತುಂಡು ಬೇಕೆಂದು ಹಟ ಮಾಡಿದೆ. ಅದೂ ಸಿಕ್ಕಿತು.

ಒಂದು ಮಧ್ಯಾಹ್ನ ಐಸಮ್ಮ ಮಗುವನ್ನು ನೋಡಿಹೋಗಲು ಬಂದಳು. ಎಷ್ಟು ಕರೆದರೂ, ಅಲುಗಿಸಿದರೂ ಅಮ್ಮು ಕಣ್ಣು ಬಿಡಲಿಲ್ಲ. ತುಟಿ ನೀಲಿಯಾಗಿತ್ತು. ಅವಳನ್ನು ಹೆಗಲಿಗೆ ಹಾಕಿಕೊಂಡು ಐಸಮ್ಮ ಡಾಕ್ಟರ ಮನೆಗೆ ಓಡಿದಳು. ಹಿಂದೆ ದೊಡ್ಡಮಾವ, ಅವರ ಹಿಂದೆ ನಾನು. ಡಾಕ್ಟರು ರೆಪ್ಪೆ ಎತ್ತಿ ನೋಡಿ, ಮಗುವಿಗೆ ಎಂತ ಕೊಟ್ಟದ್ದೆಂದು ಕೇಳಿದರು.

"ಏನೂ ಇಲ್ಲ. ಅವಳ ಬಳಿ ಯಾವುದೆಂದು ನನಗೆ ಗೊತ್ತುಂಟು" ಎಂದರು ದೊಡ್ಡಮಾವ.

ಐಸಮ್ಮ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಮಗಾ, ನೀನು ಮನೆಯಲ್ಲೇ ಇದ್ದವ. ಎಂತ ಕಂಡೆ ಹೇಳು. ನಿನಗೆ ಯಾರೂ ಬೈಯುದಿಲ್ಲ."

ಬಾಯಲ್ಲಿದ್ದ ಬೆಲ್ಲವನ್ನು ಉಗಿದು ಹೇಳಿದೆ.

ಅಫೀಮು. ಕಾಫಿ ಕುಡಿಸಿ, ಅಂಗಾಲಿಗೆ ಹೊಡೆದು, ಮಲಗಲು ಬಿಡದೆ ಅಮ್ಮುವನ್ನು ಸಂಜೆಯ ಹೊತ್ತಿಗೆ ಉಳಿಸಿಕೊಂಡರು. ಸುಂದರಿಯನ್ನು ಅಂದೇ ಕಳಿಸಿದ್ದಾಯಿತು. ದೊಡ್ಡಮಾವ ಬಹಳ ಯೋಚಿಸಿ ತೀರ್ಪು ಕೊಟ್ಟರು: "ತಾಯಿಯ ಕಡೆ ಪೂರ್ತಿ ವಿಚಾರಿಸಿದ್ದೆ. ದೋಷ ತಂದೆಯ ಕಡೆಯದ್ದೇ ಇರಬೇಕು." ಅದನ್ನು ತಿಳಿದು ಬರಲು ಜನವನ್ನೂ ಕಳಿಸಿದರು. ಐಸಮ್ಮನ ತಾತ್ಕಾಲಿಕ ಏರ್ಪಾಡು ಅಮ್ಮು ಶಾಲೆಗೆ ಸೇರುವ ತನಕ ನಡೆಯಿತು.

ದೊಡ್ಡಮಾವನ ಈ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಬೆಲ್ಲದ ಭಾಗವನ್ನು ನಿಮಗಷ್ಟೇ ಹೇಳುತ್ತಿರುವುದು. ಗುಳಿಗೆಯ ವಿಷಯ ದೊಡ್ಡಮಾವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಕಾಗದಗಳನ್ನು ಬದಿಗಿಟ್ಟು ಒಳಗೆ ಹೋದೆ. ಮೊಮ್ಮಗಳು ಓಲೆಬೆಲ್ಲದ ಕಟ್ಟಿನ ಎದುರೇ ಕೂತಿದ್ದಳು. ನಾನೂ ನೆಲದ ಮೇಲೆ ಕೂತು, ಅಮ್ಮ ಇಲ್ಲದಾಗ ಆಯಾ ನಿನ್ನನ್ನು ಹೇಗೆ ನೋಡಿಕೊಳ್ಳುತ್ತಾಳೆಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. "ಹೇಳಿದ್ರೆ ಬೆಲ್ಲ ಕೊಡ್ತೀರಾ ಅಜ್ಜ?"

"ಹೇಳದಿದ್ರೂ ಕೊಡ್ತೇನೆ" ಎಂದು ದೊಡ್ಡ ತುಂಡನ್ನೇ ಮುರಿದು ಮೊದಲು ಅವಳ ಕೈಯಲ್ಲಿಟ್ಟೆ.