ಸ್ಲೊವೇನಿಯಾದ ಎರಡು ಹಳಿಗಳು

ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ನಾವು ಅಬುಧಾಬಿ ಬಿಟ್ಟೆವು. ಹೊರಗೆ ಆಗಲೇ ಮೂವತ್ತೆಂಟು ಡಿಗ್ರಿ. ಏಳು ವರ್ಷದ ಮಗಳು ಅನೀಶಾಳನ್ನು ಅಲ್ ರೀಮ್ ಐಲ್ಯಾಂಡಿನಲ್ಲಿರುವ ನನ್ನ ಅಕ್ಕ ಐರಿನ್ ಮನೆಯಲ್ಲಿ ಬಿಟ್ಟು, ಬಸ್ಸಿನಲ್ಲಿ ದುಬೈಗೆ ಬಂದು, ಅಲ್ಲಿಂದ ವೆನಿಸ್‌ಗೆ ವಿಮಾನ ಹಿಡಿದೆವು. ವೆನಿಸ್‌ನಿಂದ ಮತ್ತೆ ಬಸ್ಸು. ತಲೆಗೆ ಇಪ್ಪತ್ತೈದು ಯೂರೋ, ಮೂರು ಗಂಟೆಯ ದಾರಿ. ನಾವು ಹೊರಟದ್ದು ಸ್ಲೊವೇನಿಯಾಕ್ಕೆ. ನಮ್ಮ ಕರಾವಳಿಯ ಮೂರು ಜಿಲ್ಲೆಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ದೇಶ.

“ಜನ ಯುರೋಪಿಗೆ ಪ್ಯಾರಿಸ್ ನೋಡ್ಲಿಕ್ಕೆ ಹೋಗ್ತಾರೆ. ನೀವು ಗೂಡ್ಸ್ ಗಾಡಿ ನೋಡ್ಲಿಕ್ಕಾ?” ಎಂದು ಐರಿನಕ್ಕ ಬಾಗಿಲಲ್ಲೇ ಕೇಳಿದ್ದಳು.

“ಪ್ಯಾರಿಸ್ ಎಲ್ಲಿಗೂ ಓಡುವುದಿಲ್ಲ ಅಕ್ಕ, ರೈಲು ಓಡ್ತದೆ” ಎಂದಿದ್ದ ರೋನಿ.

ರೋನಿ ನನ್ನ ಗಂಡ. ಅಬುಧಾಬಿಯ ಹೊಟೇಲೊಂದರಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಾನೆ. ಹುಟ್ಟೂರು ಶಿರ್ವದ ಕಡೆ. ಕಾಲೇಜು ಮುಗಿಸುವವರೆಗೆ ರೈಲು ಹತ್ತಿದವನಲ್ಲ. ಆ ಆಸೆಯೇ ದೊಡ್ಡವನಾದ ಮೇಲೆ ಕ್ಯಾಮೆರಾದ ಹುಚ್ಚಾಯಿತೋ ಏನೋ. ದುಬೈ ಮೆಟ್ರೋ ಶುರುವಾಗಿ ಐದಾರು ವರ್ಷವಾಗಿತ್ತು. ಅದರ ಫೋಟೋ ತೆಗೆದು ತೆಗೆದು ಅವನಿಗೆ ಸಾಕಾಗಿತ್ತು. “ಡ್ರೈವರೇ ಇಲ್ಲದ ರೈಲು ಎಂಥ ರೈಲು, ಕೈ ಬೀಸ್ಲಿಕ್ಕೂ ಒಬ್ಬ ಇಲ್ಲ” ಎನ್ನುತ್ತಿದ್ದ.

ನಾನು ತೊಕ್ಕೊಟ್ಟಿನವಳು. ನಮ್ಮ ಮನೆಯ ಹಿತ್ತಿಲು ದಾಟಿದರೆ ರೈಲ್ವೆ ಲೈನು, ಅದು ದಾಟಿದರೆ ಇಗರ್ಜಿ. ಹಾಗಾಗಿ ನಮ್ಮ ಮನೆಯಲ್ಲಿ ಹಳಿಯ ವಿಷಯದಲ್ಲಿ ನನ್ನ ಮಾತೇ ಕೊನೆಯದು. ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಎಂಎಸ್ಸಿ ಓದಿದವಳು, ಎರಡು ಸಲ ನೋಡದೆ ಯಾವ ರಿಪೋರ್ಟಿಗೂ ಸಹಿ ಹಾಕುವುದಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಮುಂದೆ ನಡೆದದ್ದು ನನಗಿನ್ನೂ ಅರ್ಥವಾಗದೆ ಇರುವುದಕ್ಕೆ ಇದೂ ಒಂದು ಕಾರಣ.

ಶುಕ್ರವಾರ ರಾಜಧಾನಿ ಲುಬ್ಲಿಯಾನಾದಲ್ಲಿ ಕಳೆಯಿತು. ಹದಿನಾರು ಡಿಗ್ರಿ ಚಳಿಗೆ ರೋನಿ ಎರಡು ಅಂಗಿ ತೊಟ್ಟ. ಶನಿವಾರ, ಭಾನುವಾರ ಎರಡೂ ದಿನ ದೇಶದ ಪಶ್ಚಿಮದ ಬೆಟ್ಟಗಳ ನಡುವಿನ ಹಳೆಯ ಲೈನಿನಲ್ಲಿ ಸುತ್ತಾಡಿದೆವು. ಅದು ಒಂದೇ ಹಳಿಯ ದಾರಿ. ಪಕ್ಕದಲ್ಲಿ ಸೋಚಾ ನದಿ. ನೀರಿನ ಬಣ್ಣ ನೋಡಿ ಯಾರೋ ನೀಲಿ ಕದಡಿದ್ದಾರೆಂದೇ ಅನಿಸಿತು. ಟಿಕೆಟ್ಟು ಆರೇಳು ಯೂರೋ ಒಳಗೆ. ಡಬ್ಬಿ ಎರಡೇ, ಎಂಜಿನಿನಿಂದ ಹಿಡಿದು ಬಾಗಿಲವರೆಗೆ ಬಣ್ಣದ ಗೀಚು. ನಿಲ್ದಾಣದಲ್ಲಿಳಿದು, ಹೊಲದಂಚಿನಲ್ಲಿ ನಿಂತು, ಎರಡು ಗಂಟೆ ಕಾದರೆ ಒಂದು ರೈಲು. ಕ್ಯಾಮೆರಾ ಹಿಡಿದವರನ್ನು ಕಂಡರೆ ಡ್ರೈವರುಗಳು ಸಣ್ಣಗೆ ಒಮ್ಮೆ ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು. ರೋನಿಗೆ ಫೋಟೋಗಿಂತ ಅದೇ ಹೆಚ್ಚು ಖುಷಿ.

ಸೋಮವಾರ ಮಳೆ ಬಂತು. ಕೋಣೆಯಲ್ಲೇ ಕೂತು ಬ್ರೆಡ್ಡು, ಚೀಸು ತಿಂದೆವು.

ಮಂಗಳವಾರ ಬೆಳಿಗ್ಗೆ ಲುಬ್ಲಿಯಾನಾದಿಂದ ಪೂರ್ವಕ್ಕೆ ಹೊರಟೆವು. ಆ ಲೈನು ಸಾವಾ ನದಿಯ ದಂಡೆಯಲ್ಲೇ ಹೋಗುತ್ತದೆ. ಅದು ಎರಡು ಹಳಿಯ ದಾರಿ, ಸರಕು ರೈಲು ಬೇಕಾದಷ್ಟು. ಮುಕ್ಕಾಲು ಗಂಟೆಯ ನಂತರ ಒಂದು ಪುಟ್ಟ ನಿಲ್ದಾಣದಲ್ಲಿ ಇಳಿದೆವು. ಅದರ ಹೆಸರು ಬರೆಯಲು ಹೋದರೆ ಪ್ರತಿಸಲ ಬೇರೆ ಬೇರೆ ಹೆಸರು ನೆನಪಾಗುತ್ತದೆ, ಬಿಟ್ಟಿದ್ದೇನೆ. ಒಂದು ಕಡೆ ನದಿ, ಇನ್ನೊಂದು ಕಡೆ ಯಾರದೋ ತರಕಾರಿ ತೋಟ, ನಡುವೆ ಎರಡು ಹಳಿ. ಮೇಲ್ಸೇತುವೆ ಇರಲಿಲ್ಲ. ಪ್ರಯಾಣಿಕರು ಆಚೆ ದಾಟಲು ಹಳಿಗಳ ನಡುವೆ ಮರದ ಹಲಗೆ ಹಾಸಿದ್ದರು. ಪೂರ್ವಕ್ಕೆ, ಜಂಕ್ಷನ್ ಇರುವ ಕಡೆ, ಲೈನು ತಿರುಗಿ ಮರೆಯಾಗುತ್ತಿತ್ತು. ಪಶ್ಚಿಮಕ್ಕೆ ಲುಬ್ಲಿಯಾನಾ ಕಡೆ ನೇರ.

ರೋನಿಗೆ ಜಂಕ್ಷನ್ ಕಡೆಯಿಂದ ತಿರುವಿನಲ್ಲಿ ಬರುವ ಗೂಡ್ಸ್ ಗಾಡಿ ಬೇಕಾಗಿತ್ತು.

“ಯಾವ ಹಳಿಯಲ್ಲಿ ಬರ್ತದೆ ಹೇಳು, ರೈಲ್ವೆ ಲೈನಿನವಳೇ” ಎಂದು ಕೇಳಿದ.

ನಾನು ತೊಕ್ಕೊಟ್ಟಿನಲ್ಲಿ ನಿಂತವಳ ಹಾಗೆ ಲೆಕ್ಕ ಹಾಕಿದೆ. ಊರಲ್ಲಿ ರಸ್ತೆಯ ಹಾಗೇ ರೈಲೂ ಎಡಬದಿ ಹಿಡಿದು ಓಡುತ್ತದೆ. ಜಂಕ್ಷನ್ ಕಡೆಯಿಂದ ಬರುವ ಡ್ರೈವರನ ಎಡಗೈ ಬದಿಗೆ ನದಿ.

“ನದಿ ಪಕ್ಕದ ಹಳಿಯಲ್ಲಿ ಬರ್ತದೆ” ಎಂದೆ. “ನೀನು ತೋಟದ ಪಕ್ಕದ ಹಳಿಯಲ್ಲಿ, ಆ ಹಲಗೆ ಮೇಲೆ ನಿಲ್ಲು. ರೈಲೂ ನದಿಯೂ ಒಟ್ಟಿಗೇ ಸಿಗ್ತದೆ.”

“ನಾನು ನಿಂತ ಹಳಿಗೆ ಬಂದ್ರೆ?”

“ಅದರಲ್ಲಿ ಬರುವುದಾದ್ರೆ ಲುಬ್ಲಿಯಾನಾ ಕಡೆಯಿಂದ ಬರ್ಬೇಕು. ಆಚೆ ನಾನು ನೋಡ್ತೇನೆ. ನಿನ್ನ ಬೆನ್ನು ನನಗೆ ಬಿಡು.”

ಒಂಬತ್ತು ವರ್ಷದಿಂದ ಅಬುಧಾಬಿಯಲ್ಲಿ ರಸ್ತೆ ದಾಟುತ್ತಿದ್ದೇನೆ. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ರಸ್ತೆಯ ಅಂಚಿಗೆ ಬಂದರೆ ಈಗ ನನ್ನ ಕುತ್ತಿಗೆ ತಾನಾಗಿ ಎಡಕ್ಕೆ ತಿರುಗುತ್ತದೆ. ಸ್ಲೊವೇನಿಯಾದ ರಸ್ತೆಯಲ್ಲೂ ಹಾಗೆಯೇ ದಾಟಿದ್ದೆ. ಆದರೆ ಹಳಿ ಕಂಡ ಕೂಡಲೇ ನಾನು ಊರಿನವಳಾಗಿಬಿಟ್ಟೆ. ಗಲ್ಫಿನಲ್ಲಿ ಹಳಿ ದಾಟುವ ಪ್ರಸಂಗವೇ ಇಲ್ಲವಲ್ಲ, ಅದನ್ನು ತಿದ್ದುವವರು ಯಾರು? ಇನ್ನೂ ಒಂದಿದೆ. ನಾವು ಲುಬ್ಲಿಯಾನಾದಿಂದ ಬಂದಿಳಿದ ರೈಲೇ ನದಿ ಪಕ್ಕದ ಹಳಿಯಲ್ಲಿ ನಿಂತಿತ್ತು. ಅಂದರೆ ಜಂಕ್ಷನ್ ಕಡೆಗೆ ಹೋಗುವವು ನದಿ ಪಕ್ಕದಲ್ಲಿ, ಅಲ್ಲಿಂದ ಬರುವವು ತೋಟದ ಪಕ್ಕದಲ್ಲಿ. ಆ ರೈಲು ಉತ್ತರವನ್ನು ಕಣ್ಣ ಮುಂದೆಯೇ ಇಳಿಸಿ ಹೋಗಿತ್ತು. ಎರಡು ಸಲ ನೋಡುವವಳು ಒಂದು ಸಲವೂ ನೋಡಲಿಲ್ಲ.

ಹಲಗೆ ಇರುವುದು ದಾಟುವುದಕ್ಕೆ, ನಿಲ್ಲುವುದಕ್ಕಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಿಂತೆವು. ನಾನು ತೋಟದ ಬೇಲಿಯ ಹತ್ತಿರ ಜಲ್ಲಿಯ ಮೇಲೆ, ಲುಬ್ಲಿಯಾನಾ ಕಡೆ ಮುಖ ಮಾಡಿ. ಐದಾರು ಹೆಜ್ಜೆ ಆಚೆ, ಹಳಿಯ ನಡುವೆ, ಜಂಕ್ಷನ್ ಕಡೆ ಉದ್ದದ ಲೆನ್ಸು ತಿರುಗಿಸಿ ರೋನಿ. ತೋಟದಲ್ಲಿ ಒಬ್ಬ ಮುದುಕ ಬಟಾಣಿ ಬಳ್ಳಿಗೆ ದಾರ ಕಟ್ಟುತ್ತಿದ್ದ.

ಹಾರ್ನ್ ಕೇಳಿತು.

“ಬಂತು” ಎಂದ ರೋನಿ. ಕ್ಯಾಮೆರಾ ಟಕಟಕ ಎನ್ನತೊಡಗಿತು. ಆ ಲೆನ್ಸಿನಲ್ಲಿ ದೂರದ್ದು ಒತ್ತೊತ್ತಾಗಿ ಕಾಣುತ್ತದೆ, ತಿರುವಿನಲ್ಲಿ ಬರುವ ರೈಲು ಯಾವ ಹಳಿಯಲ್ಲಿದೆ ಎಂದು ತಿಳಿಯುವುದಿಲ್ಲ. ಇದು ಆಮೇಲೆ ಅವನು ಹೇಳಿದ್ದು. ಮತ್ತೆ ಹಾರ್ನ್, ಈ ಸಲ ಉದ್ದಕ್ಕೆ.

“ನೋಡು ಜೆಸ್ಸಿ, ನಮಸ್ಕಾರ ಹೇಳ್ತಾ ಇದ್ದಾನೆ.”

ನಾನು ನಕ್ಕೆ. ತಿರುಗಲಿಲ್ಲ. ನನ್ನ ಕೆಲಸ ಈಚೆ ನೋಡುವುದು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ. ಯಾರೋ ಕೂಗಿದರು. ನಾನು ತಿರುಗಿದೆ. “ರೋನಿ” ಎಂದು ಕಿರುಚಿದೆ. ಅವನ ಅಂಗಿಯ ಕಾಲರು ಕೈಗೆ ಸಿಕ್ಕಿತು, ಎಳೆದೆ. ಗಾಳಿ ಮುಖಕ್ಕೆ ಬಡಿಯಿತು. ಅವನು ಬೇಲಿಯ ಬುಡದಲ್ಲಿ ಬಿದ್ದಿದ್ದ, ಕ್ಯಾಮೆರಾ ಎದೆಯ ಮೇಲೆ. ಅವನು ನಿಂತಿದ್ದ ಹಲಗೆಯ ಮೇಲೆ ಕಂದು ಬಣ್ಣದ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಮುಗಿಯುವ ಹಾಗೇ ಕಾಣಲಿಲ್ಲ. ಬ್ರೇಕಿನ ಕೀರಲು, ಸುಟ್ಟ ಕಬ್ಬಿಣದ ವಾಸನೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಿದ್ದ. ರೋನಿ ಎದ್ದು ಕೂತದ್ದನ್ನು ಕಂಡ ಮೇಲೆ ರೈಲು ಮೆಲ್ಲಗೆ ಮುಂದೆ ಹೋಯಿತು.

ಮುದುಕ ಬೇಲಿ ದಾಟಿ ಬಂದು ಅವನ ಭಾಷೆಯಲ್ಲಿ ಚೆನ್ನಾಗಿ ಬೈದ. ಒಂದು ಶಬ್ದವೂ ತಿಳಿಯಲಿಲ್ಲ, ಆದರೂ ಇಬ್ಬರೂ ತಲೆಯಾಡಿಸಿದೆವು. ಆಮೇಲೆ ನಮ್ಮಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ನೀರು ತಂದು ಕೊಟ್ಟು, ಎದುರಿನ ಮಣ್ಣಿನಲ್ಲಿ ಬೆರಳಿನಿಂದ ಎರಡು ಗೆರೆ ಎಳೆದ. ಗೆರೆಯ ಮೇಲೆ ಬೆರಳು ಓಡಿಸಿ ತೋರಿಸಿದ.

“ಆಟೋ, ರೈಟ್. ವ್ಲಾಕ್, ರೈಟ್. ಸೇಮ್.”

ವ್ಲಾಕ್ ಎಂದರೆ ರೈಲು. ಕಾರೂ ಬಲಕ್ಕೆ, ರೈಲೂ ಬಲಕ್ಕೆ. ಅಷ್ಟೇ ವಿಷಯ.

“ಇಂಡಿಯಾ, ಲೆಫ್ಟ್” ಎಂದೆ ನಾನು. ಅವನು ಕೈಯಿಂದ ಸುತ್ತಲಿನ ಗುಡ್ಡ, ನದಿ, ತನ್ನ ಬಟಾಣಿ ತೋಟ ಎಲ್ಲವನ್ನೂ ತೋರಿಸಿದ. ಇದು ಇಂಡಿಯಾ ಅಲ್ಲವಲ್ಲ ಎಂದಿರಬೇಕು. ಅವನ ಬೆರಳಿನ ಉಗುರಿನಲ್ಲಿ ಮಣ್ಣಿತ್ತು. ಅವನನ್ನು ನೆನೆದರೆ ಆ ಬೆರಳು ಮಾತ್ರ ಕಾಣುತ್ತದೆ.

ಸಂಜೆ ಐದಕ್ಕೆ ಅನೀಶಾ ಸ್ಕೈಪಿನಲ್ಲಿ ಬಂದಳು. ಮನೆಯಲ್ಲಿ ನಾವು ಕೊಂಕಣಿ, ಕನ್ನಡ ಯಾವುದರಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ.

“ಮಮ್ಮಾ, ಡಿಡ್ ಯು ಸೀ ಎ ಬಿಗ್ ಒನ್?”

“ನೋಡಿದೆವು ಪುಟ್ಟಾ” ಎಂದ ರೋನಿ, ನನಗಿಂತ ಮೊದಲು. “ತುಂಬಾ ಹತ್ತಿರದಿಂದ.”

ಉಳಿದ ಎರಡು ದಿನ ಅವನು ಕ್ಯಾಮೆರಾ ಚೀಲ ಬಿಚ್ಚಲಿಲ್ಲ. ಬ್ಲೆಡ್ ಸರೋವರಕ್ಕೆ ಹೋದೆವು, ದೋಣಿಯಲ್ಲಿ ಕೂತೆವು, ಅಲ್ಲಿಯ ಹೆಸರುವಾಸಿ ಕ್ರೀಮ್ ಕೇಕ್ ತಿಂದೆವು. ಎಲ್ಲರೂ ಹೇಳುವಷ್ಟು ಚೆನ್ನಾಗಿತ್ತು ಎಂದೇ ಬರೆಯಬೇಕು. ನನಗೆ ರುಚಿ ನೆನಪಿಲ್ಲ. ನಡುನಡುವೆ ರೋನಿ ಹೇಳುವುದೂ ಬದಲಾಗುತ್ತಿತ್ತು. ಒಮ್ಮೆ “ನಾನೇ ಹಾರಿದೆ” ಎಂದ. ಒಮ್ಮೆ “ನೀನು ಎಳೆದೆಯಲ್ಲ” ಎಂದ. ಅಲ್ಲಿ ನಿಲ್ಲು ಎಂದು ಹೇಳಿದ್ದು ಯಾರು ಎಂಬ ಮಾತನ್ನು ಮಾತ್ರ ಅವನು ಎತ್ತಲಿಲ್ಲ. ಮರೆತಿದ್ದಾನೋ, ಮರೆತವನ ಹಾಗೆ ಇದ್ದಾನೋ ನನಗೆ ತಿಳಿಯಲಿಲ್ಲ. ಅವನು ಬದುಕಿದ್ದಾನೆ ಎಂಬ ಸಮಾಧಾನದ ಅಡಿಯಲ್ಲೇ ಅದು ಚುಚ್ಚುತ್ತಿತ್ತು. ಕೇಳಿದರೆ ನೆನಪಾಗುತ್ತದೆ ಎಂಬ ಹೆದರಿಕೆಗೆ ಕೇಳಲಿಲ್ಲ.

ದುಬೈಯಲ್ಲಿ ವಿಮಾನದ ಬಾಗಿಲು ತೆರೆದಾಗ ನಲವತ್ತಮೂರು ಡಿಗ್ರಿ. ಆ ಶುಕ್ರವಾರ ಐರಿನಕ್ಕನ ಮನೆಯಲ್ಲಿ ಊಟ. ರೋನಿ ನಡೆದದ್ದನ್ನು ಎಲ್ಲರಿಗೂ ತಮಾಷೆಯ ಹಾಗೆ ಹೇಳಿದ.

“ಜೆಸ್ಸಿ ಎಳೆಯದಿದ್ರೆ ಬರುವ ತಿಂಗಳು ನೀವೆಲ್ಲ ನನ್ನ ತಿಂಗಳ ಪೂಜೆಗೆ ಬಂದು ಹೀಗೇ ಬಿರಿಯಾನಿ ತಿನ್ತಿದ್ರಿ.”

“ಬಿರಿಯಾನಿಗೆ ಸುಕ್ಕಾನೂ ಮಾಡಿಸ್ತಿದ್ದೆವು ಬಿಡು” ಎಂದರು ಭಾವ. ಐರಿನಕ್ಕ ನಗಲಿಲ್ಲ. ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, “ದೇವರು ನಿನ್ನ ಕೈಯನ್ನೇ ಕಳಿಸಿದ್ದು” ಎಂದಳು. ನಾನು ತಟ್ಟೆ ನೋಡುತ್ತ ಕೂತೆ. ಆ ಹೊತ್ತಿಗೆ ನನಗೂ ಅದೇ ನಿಜ ಎನಿಸುವಷ್ಟು ಕಾಲರಿನ ಬಟ್ಟೆ ಬೆರಳಿಗೆ ತಾಕುತ್ತಿತ್ತು.

ಮಾರನೇ ದಿನ ಫೋಟೋ ಪ್ರಿಂಟ್ ಹಾಕಿಸಲು ಎಲೆಕ್ಟ್ರಾ ಸ್ಟ್ರೀಟಿಗೆ ಹೋದೆವು. ಅಲ್ಲಿ ಇಮ್ತಿಯಾಜ್ ಭಾಯಿಯ ಕ್ಯಾಮೆರಾ ಅಂಗಡಿ. ಅವರು ಭಟ್ಕಳದವರು, ಮನೆಮಾತು ನವಾಯತಿ, ನಮ್ಮೊಡನೆ ಕನ್ನಡ. ದೊಡ್ಡ ಪರದೆಯಲ್ಲಿ ಒಂದೊಂದಾಗಿ ತೋರಿಸುತ್ತ ಹೋದರು. ಸೋಚಾ ನದಿ, ಎರಡು ಡಬ್ಬಿಯ ರೈಲು, ಕೈ ಬೀಸುವ ಡ್ರೈವರ್. ಆಮೇಲೆ ಮಂಗಳವಾರದ ತಿರುವು.

“ಸಾಕು ಭಾಯ್, ಮುಂದಿನದ್ದು ಬೇಡ” ಎಂದ ರೋನಿ.

“ಅರೇ, ಚಂದ ಉಂಟಲ್ಲ, ಇರಿ.”

ರೈಲು ಚಿಕ್ಕದಾಗಿತ್ತು, ದೊಡ್ಡದಾಯಿತು, ಪರದೆ ತುಂಬಿತು. ಅದರ ಮುಂದಿನದ್ದು ಕೊನೆಯ ಚಿತ್ರ. ಬೀಳುವಾಗ ಬೆರಳು ಒತ್ತಿಹೋಗಿರಬೇಕು. ಇಡೀ ಲೋಕ ಓರೆಯಾಗಿತ್ತು. ಒಂದು ಅಂಚಿನಲ್ಲಿ ಎಂಜಿನಿನ ಕೆಂಪು ಗೀರು. ಬೇಲಿಯಾಚೆ ಮುದುಕ ಎರಡೂ ಕೈ ಎತ್ತಿದ್ದ, ಬಾಯಿ ಅಗಲಕ್ಕೆ ತೆರೆದಿತ್ತು. ಈಚೆ ನಾನು. ಕೈ ಕಟ್ಟಿಕೊಂಡು, ಬೆನ್ನು ಮಾಡಿ, ಲುಬ್ಲಿಯಾನಾ ಕಡೆ ನೋಡುತ್ತ ನಿಂತಿದ್ದೆ.

“ಭಾಭಿ, ರೈಲು ಇಷ್ಟು ಹತ್ತಿರ ಬಂದಾಗ ನೀವು ಆಚೆ ಎಂತ ನೋಡ್ತಾ ಇದ್ರಿ? ಹಕ್ಕಿಯಾ?” ಎಂದು ಇಮ್ತಿಯಾಜ್ ಭಾಯಿ ನಕ್ಕರು.

“ಅದು ಅಲುಗಾಡಿದೆ, ತೆಗೆದುಬಿಡಿ ಭಾಯ್. ಖಲಾಸ್” ಎಂದ ರೋನಿ.

“ತೆಗೀಬೇಡಿ” ಎಂದೆ. “ಅಲ್ಲಿ ನಿಲ್ಲು ಅಂತ ಇವನಿಗೆ ಹೇಳಿದ್ದು ನಾನು. ಎಳೆದದ್ದು ನಾನಲ್ಲ.”

ಇಮ್ತಿಯಾಜ್ ಭಾಯಿ ಮೌಸಿನಿಂದ ಕೈ ತೆಗೆದರು. ರೋನಿ ಪರದೆಯನ್ನೇ ನೋಡುತ್ತಿದ್ದ.

“ಗೊತ್ತುಂಟು” ಎಂದ. “ಮುದುಕ ಬೊಬ್ಬೆ ಹಾಕಿದ, ನಾನು ಹಿಂದಕ್ಕೆ ಹಾರಿದೆ. ಬಿದ್ದಾಗ ನೋಡಿದ್ದೆ, ನೀನು ಇನ್ನೂ ಆಚೆಯೇ ನೋಡ್ತಾ ಇದ್ದಿ.”

“ಮತ್ತೆ ಅಕ್ಕನ ಮನೆಯಲ್ಲಿ ಯಾಕೆ ಹಾಗೆ ಹೇಳಿದ್ದು?”

“ಮತ್ತೆ ಎಂತ ಹೇಳ್ಬೇಕಿತ್ತು ಮಾರಾಯ್ತಿ? ನಿಂತದ್ದು ನಾನಲ್ವಾ? ನೀನು ಆಚೆ ನೋಡಿದ್ದೂ ನನಗೋಸ್ಕರವೇ ಅಲ್ವಾ?”

ಹೊರಗೆ ಯಾರೋ ಯಲ್ಲಾ, ಯಲ್ಲಾ ಎನ್ನುತ್ತ ಟ್ಯಾಕ್ಸಿಯನ್ನು ಅವಸರಪಡಿಸುತ್ತಿದ್ದರು. ಇಮ್ತಿಯಾಜ್ ಭಾಯಿ ದನಿ ತಗ್ಗಿಸಿ, “ಇದನ್ನೂ ಪ್ರಿಂಟ್ ಹಾಕಬೇಕಾ ಭಾಭಿ?” ಎಂದು ಕೇಳಿದರು.

ಹಾಕಿ ಎಂದೆ. ಆ ಮುದುಕನ ಮುಖ ಇದರಲ್ಲಿ ಸರಿಯಾಗಿ ಬಿದ್ದಿತ್ತು.